ಎಡಬದಿಯ ಚಟ್ನಿ

ನನ್ನ ಸೋದರಮಾವನಷ್ಟು ಕಣ್ಣಿನ ಜಂಬ ಕೊಚ್ಚಿದವರನ್ನು ನಾನು ಬೇರೆ ಕಂಡಿಲ್ಲ. ಲಕ್ಷ್ಮೇಶ್ವರದಲ್ಲಿ ಅವನದು ಕಾಳಿನ ವ್ಯಾಪಾರ. ಅಂಗೈ ಮೇಲೆ ಜೋಳ ಸುರುವಿಕೊಂಡು, ಹುಳು ತಿಂದ ಕಾಳನ್ನು ಉಗುರಿನಿಂದ ಎತ್ತಿ ತೋರಿಸಿ, "ಹದ್ದಿನ ಕಣ್ಣು ನಂದು" ಎನ್ನುತ್ತಿದ್ದ. ಗದಗಿಗೆ ಬಂದರೆ ಬಸ್ ನಿಲ್ದಾಣದ ಈ ತುದಿಯಲ್ಲಿ ನಿಂತು, ಆ ತುದಿಯ ಬಸ್ಸಿನ ಬೋರ್ಡು ಓದಿ, 'ಹೊಂಬಳ' ಎಂದು ಎಲ್ಲರಿಗೂ ಕೇಳುವಂತೆ ಕೂಗುತ್ತಿದ್ದ. ಚಷ್ಮಾ ಹಾಕಿದ ನನ್ನನ್ನು ಕಂಡರಂತೂ ಮುಗಿಯಿತು.

"ಕಣ್ಣಿನ ಪಾಠ ಹೇಳಾಕಿಗೇ ಕಣ್ಣಿಲ್ಲ!"

ನಾನು ಗದಗಿನ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುತ್ತೇನೆ. ಈ ಮಹಾಶಯನ ಪರೀಕ್ಷೆ ಎಷ್ಟು ಪೊಳ್ಳು ಎಂಬುದು ನನಗೆ ಗೊತ್ತಿತ್ತು. ಕಣ್ಣಿನ ಹಿಂಭಾಗದ ಪರದೆಯಲ್ಲಿ ಬೆಳಕು ಹಿಡಿಯುವ ಕೋಶಗಳು ಎರಡು ಬಗೆ. ಬಣ್ಣ, ಅಕ್ಷರ, ಜೋಳದ ತೂತು ಹಿಡಿಯುವವು ನಡುವೆ ಗಿಜಿಗುಟ್ಟಿರುತ್ತವೆ. ಮಬ್ಬು ಬೆಳಕನ್ನೂ ಪಕ್ಕದ ಚಲನೆಯನ್ನೂ ಹಿಡಿಯುವವು ಅಂಚಿನ ಕಡೆ ಹೆಚ್ಚು. ಕಾಳು ನೋಡುವವನು ನಡುವನ್ನು ಮಾತ್ರ ಪರೀಕ್ಷಿಸಿಕೊಳ್ಳುತ್ತಾನೆ. ಅಂಚು ಸತ್ತರೂ ಅವನಿಗೆ ಗೊತ್ತಾಗುವುದಿಲ್ಲ. ಬಿಸಿ ತಾಗಿದರೆ ಚರ್ಮ ಕೂಗುತ್ತದೆ, ಖಾರ ಹೆಚ್ಚಾದರೆ ನಾಲಿಗೆ ಕೂಗುತ್ತದೆ, ಕಣ್ಣಿನ ಪರದೆಗೆ ಮಾತ್ರ ನೋವೇ ಇಲ್ಲ. ಕಾಣದ ಜಾಗ ಕಪ್ಪಾಗಿಯೂ ತೋರುವುದಿಲ್ಲ. ಸುತ್ತಲಿನದನ್ನೇ ಎಳೆದು ಮಿದುಳು ಅಲ್ಲಿಗೆ ತೇಪೆ ಹಚ್ಚುತ್ತದೆ. ಇದನ್ನೆಲ್ಲ ಹೇಳಿ, ಒಮ್ಮೆ ತೋರಿಸಿಕೋ ಮಾವಾ ಎಂದರೆ, "ಹೋಗಲೇ, ಡಾಕ್ಟರಗೋಳ ದಂಧೆ" ಎಂದು ಕೈ ಝಾಡಿಸಿದ.

ಮೊನ್ನೆ ಬೇಸಿಗೆಯಲ್ಲಿ ಅಂಗಡಿ ಮುಂದೆ ನಿಂತಿದ್ದ ಟ್ರ್ಯಾಕ್ಟರ್ ಟ್ರೇಲರಿಗೆ ಹಣೆ ಹೊಡೆದುಕೊಂಡ. ಟ್ರೇಲರ್ ನಿಂತಿತ್ತು, ಇವನು ನಡೆಯುತ್ತಿದ್ದ. ತಪ್ಪು ಮಾತ್ರ ಟ್ರೇಲರಿನದಂತೆ! ನನಗೆ ಪಿತ್ತ ನೆತ್ತಿಗೇರಿತು. ಹಣೆಗೆ ಹೊಲಿಗೆ ಹಾಕಿಸಿ, ಅತ್ತೆಯನ್ನೂ ಕರೆದುಕೊಂಡು, ಅವನನ್ನು ಗದಗಿನ ಕಣ್ಣಿನ ಡಾಕ್ಟರ ಹತ್ತಿರ ಎಳೆದೊಯ್ದೆ.

ಅಲ್ಲಿ ಬಟ್ಟಲಿನಂಥ ಯಂತ್ರದೊಳಗೆ ಮುಖ ಇಟ್ಟು, ಬೆಳಕಿನ ಚುಕ್ಕಿ ಕಂಡಾಗೆಲ್ಲ ಗುಂಡಿ ಒತ್ತಬೇಕು. ಮಾವ ಒತ್ತಿದ್ದು ಬಹಳ ಕಡಿಮೆ. ಹೊರಬಂದು, "ಯಂತ್ರ ಕೆಟ್ಟೈತ್ರಿ, ಚುಕ್ಕಿನ ಬರವಲ್ಲವು" ಎಂದ. ನನಗೆ ನಗು ಬಂತು, ಹೇಸಿಗೆಯೂ ಆಯಿತು.

ಡಾಕ್ಟರು ನಗಲಿಲ್ಲ. ಕಣ್ಣಿನೊಳಗಿನ ಒತ್ತಡ ಹೆಚ್ಚಾಗಿ ನರ ಒಣಗಿದೆ, ಗ್ಲಾಕೋಮಾ ಎಂದರು. ಎಡಗಣ್ಣು ಮುಗಿದಿತ್ತು. ಇಷ್ಟು ದಿನ ಎರಡೂ ತೆರೆದುಕೊಂಡು ಬಲಗಣ್ಣೊಂದರಲ್ಲೇ ನೋಡುತ್ತಿದ್ದನಂತೆ, ಅದರ ಅಂಚೂ ಸವೆದಿತ್ತು. ದಿನಾ ತಪ್ಪದೆ ಹನಿ ಹಾಕಿದರೆ ಬಲಗಣ್ಣನ್ನು ಇದ್ದಷ್ಟಕ್ಕೆ ಉಳಿಸಿಕೊಳ್ಳಬಹುದು, ಇಲ್ಲದಿದ್ದರೆ ಪೂರ್ತಿ ಕತ್ತಲೆ.

"ಯಾವಾಗಿನಿಂದ ಹೀಗಾಗಿದೆ?" ಡಾಕ್ಟರು ಕೇಳಿದರು.

"ಏನೂ ಆಗಿಲ್ರಿ ನನಗ" ಎಂದ ಮಾವ.

ಅತ್ತೆ ಸೆರಗು ಹಿಡಿದುಕೊಂಡು ಮೆಲ್ಲಗೆ ಹೇಳಿದಳು: "ಮಗಳ ಮದುವಿ ಆದಾಗಿಂದ್ರಿ. ಎಲ್ಲಾರಿಗೂ ಚಟ್ನಿ ನೀಡಿ ನನಗ ಬಿಟ್ಟಿ ಅಂತ ಬೀಗರ ಮುಂದ ಬೈದ್ರು. ಚಟ್ನಿ ಎಲಿ ಎಡಕ್ಕ ಇತ್ರಿ. ಅವತ್ತಿಂದ ನಾ ಎಲ್ಲಾ ನಡುವ ನೀಡ್ತೀನಿ. ಹಾದ್ಯಾಗ ಎಡಕ್ಕ ನಾನ ಇರ್ತೀನಿ."

ಆ ಮಗಳ ಮಗಳು ಈಗ ಶಾಲೆಗೆ ಹೋಗುತ್ತಾಳೆ. ಎಂಥ ಮನೆ ನೋಡಿ! ಗಂಡನ ಬೈಗುಳಕ್ಕೆ ಅಂಜಿ ಹೆಂಡತಿ ರೋಗ ಮುಚ್ಚುತ್ತಾಳೆ, ಗಂಡ ಆ ಮುಚ್ಚಳದ ಮೇಲೆ ಕೂತು ಮೀಸೆ ತಿರುವುತ್ತಾನೆ. ಅವನ ಕಣ್ಣಿನ ಕೆಲಸವನ್ನು ಅವಳು ಮಾಡುತ್ತಿದ್ದಳು, ಮೆರೆದವನು ಅವನು. ಅತ್ತೆಯ ಮೇಲೂ ನನಗೆ ಸಿಟ್ಟು ಬಂತು. ಆ ಸಿಟ್ಟಿನಲ್ಲೇ ಹನಿ ಔಷಧ ಕೊಂಡು, ಇಬ್ಬರನ್ನೂ ಬಸ್ಸು ಹತ್ತಿಸಿ ನಾನೂ ಹತ್ತಿದೆ.

ಲಕ್ಷ್ಮೇಶ್ವರದ ಮನೆಯಲ್ಲಿ ಊಟಕ್ಕೆ ಕೂತೆವು. ರೊಟ್ಟಿ ಬುಟ್ಟಿ ಇಟ್ಟುಕೊಂಡು ಅತ್ತೆ ಎಂದಿನಂತೆ ಮಾವನ ಎಡಕ್ಕೆ ಕೂತಳು. ಎಣಗಾಯಿ ನೀಡಿದಳು. ಶೇಂಗಾ ಚಟ್ನಿಯನ್ನು ಈ ಸಲ ತಾಟಿನ ಎಡ ಅಂಚಿಗೆ ಹಾಕಿದಳು.

"ಚಟ್ನಿ ಎಲ್ಲೈತಿ?" ಮಾವ ಗದರಿದ.

"ಕುತಿಗಿ ಹೊಳ್ಳಸ್ರಿ. ಅಲ್ಲೇ ಐತಿ."

ಆ ಮನೆಯಲ್ಲಿ ಅವಳ ಗಟ್ಟಿ ದನಿ ಕೇಳಿದ್ದು ನಾನು ಅದೇ ಮೊದಲು. ಅವನು ಕುತ್ತಿಗೆ ಹೊರಳಿಸಿದ. ಚಟ್ನಿ ಕಂಡಿತು. ಇನ್ನಷ್ಟು ಹೊರಳಿಸಿದ, ಅವಳು ಕಂಡಳು.

"ನೀ ಇಲ್ಲೇ ಕುಂತೀಯೇನು?"

"ದಿನಾ ಇಲ್ಲೇ ಕುಂದರ್ತೀನ್ರಿ" ಎಂದಳು ಅತ್ತೆ.