ಮುಚ್ಚಳದ ಮೇಲಿನ ಕರಿದಾರ

ನಮ್ಮ ಮನೆಯ ಲ್ಯಾಪ್‌ಟಾಪ್ ಬಿಸಿಯಾಗತೊಡಗಿದ್ದು ಶ್ರಾವಣ ಮುಗಿದ ಮೇಲೆ. ಅದಕ್ಕೆ ಅತ್ತೆಯೇ ಕಾರಣ ಎಂದು ಮೊದಲ ವಾರದಲ್ಲೇ ತೀರ್ಮಾನಿಸಿಬಿಟ್ಟಿದ್ದೆ. ನನ್ನ ಸ್ವಭಾವವೇ ಹಾಗೆ. ಪಾತ್ರೆಯಲ್ಲಿ ಹಾಲು ಕಡಿಮೆ ಕಂಡರೆ ಬೆಕ್ಕಿಗಿಂತ ಮೊದಲು ಮನೆಯವರ ಮುಖ ನೋಡುವವಳು ನಾನು.

ನಾವು ಬಾಗಲಕೋಟೆ ಕಡೆಯವರು. ಮುಂಬೈಯ ಕಾಂದಿವಲಿಯ ಸಣ್ಣ ಫ್ಲ್ಯಾಟಿನಲ್ಲಿ ನಾನು, ಗಂಡ, ಅತ್ತೆ ಇದ್ದೇವೆ. ಬೆಳಿಗ್ಗೆ ಲ್ಯಾಪ್‌ಟಾಪಿನ ಮುಂದೆ ಕೂತು ನನ್ನ ನೆನಪುಗಳನ್ನು ಟೈಪ್ ಮಾಡುತ್ತೇನೆ. ಹನ್ನೊಂದಕ್ಕೆ ಮುಚ್ಚಳ ಮುಚ್ಚಿ, ಚಾರ್ಜಿಗೆ ಹಾಕಿ, ಸಾಂತಾಕ್ರೂಜಿನ ಶಾಲೆಯ ಮಧ್ಯಾಹ್ನದ ಪಾಳಿಗೆ ಲೋಕಲ್ ರೈಲು ಹಿಡಿಯುತ್ತೇನೆ. ಸಂಜೆ ಆರೂವರೆಗೆ ಬಂದು ಮುಟ್ಟಿದರೆ ಲ್ಯಾಪ್‌ಟಾಪು ಆಗಷ್ಟೇ ಒಲೆಯಿಂದ ಇಳಿಸಿದ ಹಂಚಿನಂತೆ ಕಾದಿರುತ್ತಿತ್ತು. ಒಳಗೆ ಫ್ಯಾನ್ ಬುಸುಗುಡುತ್ತಿತ್ತು. ಏಳೂವರೆ ತಾಸು ಮುಚ್ಚಿಟ್ಟ ಯಂತ್ರ ಹೀಗೆ ಕಾಯುವುದುಂಟೇ? ಯಾರೋ ತೆರೆದು ಕೂತಿರಲೇಬೇಕು. ಹಗಲು ಮನೆಯಲ್ಲಿರುವವರು ಒಬ್ಬರೇ.

ಕದ್ದು ಓದುವಂಥದ್ದು ಅದರಲ್ಲಿ ಏನಿತ್ತು ಎಂದರೆ, ಅತ್ತೆಯೇ ಇದ್ದರು. ಮದುವೆಯಾದ ಹೊಸದರಲ್ಲಿ ನನ್ನ ರೊಟ್ಟಿಯ ಸೊಟ್ಟ ಅಂಚು ನೋಡಿ ಅವರು ನೆರೆಯವರ ಮುಂದೆ ನಕ್ಕದ್ದನ್ನು ಉಪ್ಪುಖಾರ ಹಚ್ಚಿ ಮೂರು ಪುಟ ಬರೆದಿದ್ದೆ. ಅವರೋ ಪುರಾಣದ ಪುಸ್ತಕವನ್ನು ಕನ್ನಡಕವಿಲ್ಲದೆ ಓದುವವರು.

"ಅತ್ತಿ, ಇದನ್ನ ತಗದು ನೋಡೀರೇನ್ರಿ?" ಎಂದು ಕೇಳಿದೆ.

"ಅದನ್ನ ತಗಿಯಾಕ ನನಗೆಲ್ಲಿ ಬರತೈತೆವಾ," ಎಂದರು, ಮೆಂತೆಸೊಪ್ಪು ಬಿಡಿಸುತ್ತ, ನನ್ನ ಮುಖ ನೋಡದೆ. ಮುಖ ನೋಡದೇ ಇದ್ದದ್ದೇ ನನಗೆ ಸಾಕಾಯಿತು.

ಗಂಡ ಮುಂಬೈಯಲ್ಲೇ ಬೆಳೆದವ. "ಪಾಸ್‌ವರ್ಡ್ ಹಾಕ ನಾ, ಖತಂ," ಎಂದ. ಪಾಸ್‌ವರ್ಡ್ ಹಾಕಿದರೆ ಅವರು ಸುಮ್ಮನಾಗುತ್ತಿದ್ದರು, ಸಿಕ್ಕಿಬೀಳುತ್ತಿರಲಿಲ್ಲ. ನನಗೆ ಅವರು ಸಿಕ್ಕಿಬೀಳಬೇಕಿತ್ತು. ಹೊಲಿಗೆಯ ಡಬ್ಬಿಯಿಂದ ಗೇಣುದ್ದದ ಕರಿದಾರ ತೆಗೆದು ಮುಚ್ಚಳದ ಬಲಮೂಲೆಯಲ್ಲಿ ಇಟ್ಟು ಹೋದೆ. ಯಾರಾದರೂ ತೆರೆದರೆ ಅದು ಬೀಳಬೇಕು.

ಸಂಜೆ ದಾರ ಬಿದ್ದಿರಲಿಲ್ಲ. ಆದರೆ ಮೂಲೆಯಲ್ಲೂ ಇರಲಿಲ್ಲ. ಮುಚ್ಚಳದ ನಟ್ಟನಡುವೆ ನೀಟಾಗಿ ಮಲಗಿತ್ತು. ಮೂರು ದಿನವೂ ಹೀಗೇ ಆಯಿತು. ನನ್ನ ಮೈ ಉರಿದುಹೋಯಿತು. ತೆರೆಯುವುದಲ್ಲದೆ, ದಾರವನ್ನು ಮತ್ತೆ ಇಟ್ಟು ನನ್ನ ಕಣ್ಣಿಗೇ ಮಣ್ಣೆರಚುತ್ತಿದ್ದಾರಲ್ಲ! ನಾಲ್ಕನೆಯ ದಿನ ಗಂಡನಿಗೆ ಹೇಳಿಯೇಬಿಟ್ಟೆ: ಅತ್ತೆ ಇನ್ನು ಕಲ್ಯಾಣದಲ್ಲಿರುವ ಅವನ ಅಣ್ಣನ ಮನೆಯಲ್ಲಿ ಇರಲಿ. ಎಷ್ಟು ದಿನ ಎಂದು ಅವನು ಕೇಳಿದ. ಮೊದಲು ಬಿಟ್ಟು ಬಾ ಎಂದೆ. ಭಾನುವಾರ ಬಿಟ್ಟುಬರುವುದೆಂದಾಯಿತು. ಅತ್ತೆ ಯಾಕೆ ಎಂದು ಕೇಳಲಿಲ್ಲ. ತಪ್ಪು ಮಾಡಿದವರು ಕೇಳುವುದಿಲ್ಲ ಎಂದುಕೊಂಡೆ.

ಶನಿವಾರ ಬೆಳಿಗ್ಗೆ ಬರೆಯುತ್ತಿದ್ದಾಗಲೇ ಲ್ಯಾಪ್‌ಟಾಪ್ ಕಾದು ತಾನಾಗಿ ಆರಿಹೋಯಿತು. ಸ್ಟೇಷನ್ ಹತ್ತಿರದ ರಿಪೇರಿಯವನ ಬಳಿ ಒಯ್ದೆ. ಅವನ ಮೇಲೂ ನನಗೆ ನಂಬಿಕೆಯಿಲ್ಲ. ಒಳಗಿನ ಒಳ್ಳೆಯ ಭಾಗ ತೆಗೆದು ಹಳೆಯದನ್ನು ಹಾಕಿಯಾನೆಂದು ಸ್ಟೂಲ್ ಎಳೆದುಕೊಂಡು ಎದುರಿಗೇ ಕೂತೆ. ಅವನು ಮೊದಲು ಸ್ಕ್ರೂಡ್ರೈವರ್ ಮುಟ್ಟಲೇ ಇಲ್ಲ. ಅದನ್ನು ಮತ್ತೆ ಚಾಲೂ ಮಾಡಿ, ಯಾವುದೋ ಸೆಟ್ಟಿಂಗ್ ತೆರೆದು ನನ್ನತ್ತ ತಿರುಗಿಸಿದ.

"ಮೇಡಂ, ಯೇ ತೋ ಸೋತಾ ಹೀ ನಹೀಂ," ಎಂದ. ಇದು ಮಲಗುವುದೇ ಇಲ್ಲ. ಚಾರ್ಜಿಗಿರುವಾಗ ಮುಚ್ಚಳ ಮುಚ್ಚಿದರೆ ಏನೂ ಮಾಡಬೇಡ ಎಂದು ಯಾರೋ ಅದಕ್ಕೆ ಹೇಳಿಟ್ಟಿದ್ದರು. ನಾನು ಮುಚ್ಚಿ ಹೋದ ಮೇಲೂ ಅದು ದಿನವಿಡೀ ಒಳಗೆ ಓಡುತ್ತಲೇ ಇತ್ತು.

ಹೇಳಿಟ್ಟವಳು ನಾನೇ. ಶ್ರಾವಣದಲ್ಲಿ ಅತ್ತೆಗೆ ಪುರಾಣ ಪ್ರವಚನ ಟೀವಿಯಲ್ಲಿ ಕಾಣಲೆಂದು ವೈರ್ ಜೋಡಿಸಿದ್ದೆ. ಲ್ಯಾಪ್‌ಟಾಪ್ ಮುಚ್ಚಿದರೂ ಪ್ರವಚನ ನಿಲ್ಲದಿರಲೆಂದು ಆ ಸೆಟ್ಟಿಂಗ್ ಬದಲಿಸಿದ್ದೆ. ಆಮೇಲೆ ಮರೆತೇಬಿಟ್ಟಿದ್ದೆ.

ಅವನು ಅದನ್ನು ಸರಿಮಾಡಿ, ಬಿಸಿಗಾಳಿ ಹೊರಬೀಳುವ ಸಂದಿಯಿಂದ ಚಿಮಟದಲ್ಲಿ ಏನನ್ನೋ ಎಳೆದು ನನ್ನ ಅಂಗೈಗೆ ಹಾಕಿದ. ಕೆಂಪು ನೂಲಿನ ಎಳೆಗಳು. ಇದಕ್ಕೆ ಕಂಬಳಿ ಹೊದಿಸುತ್ತೀರಾ ಎಂದು ಹಿಂದಿಯಲ್ಲಿ ಕೇಳಿ ನಕ್ಕ. ಆ ಕೆಂಪು ನನಗೆ ಗೊತ್ತಿತ್ತು. ಹಳೆಯ ಇಳಕಲ್ ಸೀರೆಗಳನ್ನು ಕೂಡಿಸಿ ಅತ್ತೆ ಹೊಲಿದ ಕೌದಿಯದು.

ಮನೆಗೆ ಬಂದಾಗ ಅವರು ಬ್ಯಾಗಿಗೆ ಸೀರೆ ತುಂಬುತ್ತಿದ್ದರು. ನೂಲು ತೋರಿಸಿದೆ.

"ಹೊದಸತಿದ್ನೆವಾ," ಎಂದರು. "ಬಾಜೂಕಿನ ಬಿಲ್ಡಿಂಗ್ ಒಡಿಯಾಕ ಹತ್ಯಾರಲ್ಲ, ನೀ ಹ್ವಾದಮ್ಯಾಲ ಬರೇ ಧೂಳ. ಅವರು ಕೆಲಸ ಬಿಟ್ಟಮ್ಯಾಲ ಕೌದಿ ತಗದು ಝಾಡಿಸತಿದ್ನಿ. ನೀ ಇಟ್ಟ ದೃಷ್ಟಿದಾರ ಮೊದಲ ತಗದಿಟ್ಟು, ಆಮ್ಯಾಲ ನಡುವ ಇಡತಿದ್ನಿ. ಮೂಲ್ಯಾಗಿದ್ರ ಬಿದ್ದು ಹೋದೀತು ಅಂತ. ನಿನ್ನ ಬರವಣಗಿಗೆ ಯಾರ ಕಣ್ಣೂ ತಾಗಬಾರದು."

ನನಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಅಷ್ಟರಲ್ಲಿ ಅವರು ಬ್ಯಾಗಿನ ಪಕ್ಕದಿಂದ ಒಂದು ಚೀಲ ತೆಗೆದರು. ಅದೇ ಕೆಂಪು ಬಟ್ಟೆ, ಸಣ್ಣ ಸಣ್ಣ ಹೊಲಿಗೆ, ಲ್ಯಾಪ್‌ಟಾಪಿನದೇ ಅಳತೆ.

"ನಾಳೆ ನಾ ಹ್ವಾದಮ್ಯಾಲ ಯಾರು ಹೊದಸತಾರ? ಅದಕ್ಕ ಹೊಲದೀನಿ."

"ನೀವು ಎಲ್ಲೂ ಹೋಗಬ್ಯಾಡ್ರಿ," ಎಂದೆ. ಅವರು ನನ್ನನ್ನು ಒಂದು ಗಳಿಗೆ ನೋಡಿದರು. ಆಮೇಲೆ ತುಂಬಿದ ಸೀರೆಗಳನ್ನು ಒಂದೊಂದಾಗಿ ಹೊರಗೆ ತೆಗೆದರು.

ನಾನು ಲ್ಯಾಪ್‌ಟಾಪನ್ನು ಪೂರ್ತಿ ಬಂದ್ ಮಾಡಿ, ಅದು ತಣ್ಣಗಾದ ಮೇಲೆ ಚೀಲಕ್ಕೆ ಸೇರಿಸಿದೆ. ಅತ್ತೆ ಆ ಕರಿದಾರವನ್ನು ನನ್ನ ಕೈಗಿಟ್ಟು, ಚೀಲದ ಬಾಯಿಗೆ ಕಟ್ಟು ಎಂದರು. ಕಟ್ಟಿದೆ. ಮೊದಲು ಅದನ್ನು ಯಾಕಿಟ್ಟಿದ್ದೆನೆಂದು ಇವತ್ತಿಗೂ ಅವರಿಗೆ ಹೇಳಿಲ್ಲ. ಅವರಿಗೆ ಮೊದಲ ದಿನವೇ ಗೊತ್ತಾಗಿತ್ತೆಂಬ ಅನುಮಾನ ಮಾತ್ರ ನನ್ನನ್ನು ಬಿಟ್ಟಿಲ್ಲ.