ಊರು ನೋಡುವ ಶಾಸ್ತ್ರ

ಹುಡುಗಿ ಹುಡುಗನನ್ನು ಒಪ್ಪಿಯಾಗಿತ್ತು. ಊರನ್ನು ಒಪ್ಪುವುದಷ್ಟೇ ಬಾಕಿ ಇತ್ತು.

ನಗಬೇಡಿ. ಹುಡುಗಿ ನೋಡುವ ಶಾಸ್ತ್ರ ಗೊತ್ತು, ಮನೆ ನೋಡುವ ಶಾಸ್ತ್ರವೂ ಗೊತ್ತು. ಊರು ನೋಡುವ ಶಾಸ್ತ್ರ ಅಂತ ಒಂದಿದೆ ಎಂದು ನನಗೂ ಮೊನ್ನೆಯವರೆಗೆ ಗೊತ್ತಿರಲಿಲ್ಲ. ಅದು ನಮ್ಮ ಅಕ್ಕನ ಮನೆಯಲ್ಲೇ ನಡೆಯಿತು.

ಹುಡುಗ ನನ್ನ ಅಕ್ಕ ಶಾಂತಕ್ಕನ ಮಗ, ಮಂಜುನಾಥ. ಸಂಡೂರು ಗುಡ್ಡದ ಕಡೆ ಗಣಿಯೊಂದರಲ್ಲಿ ಎಂಜಿನಿಯರ್. ಆನೆಯಂಥ ಡಂಪರ್‌ಗಳ ರಿಪೇರಿ ಅವನ ಕೆಲಸ. ಬೆಳಗ್ಗೆ ನೀಲಿ ಅಂಗಿಯಲ್ಲಿ ಸ್ಟಾಫ್ ಬಸ್ ಹತ್ತುತ್ತಾನೆ, ಸಂಜೆ ಕೆಂಪು ಅಂಗಿಯಲ್ಲಿ ಇಳಿಯುತ್ತಾನೆ. ಅಂಗಿ ಅದೇ! ಹುಡುಗ ಅಪ್ಪಟ ಬಂಗಾರ. ಆದರೆ ಸಂಬಂಧ ಮಾತ್ರ ಕೂಡಿ ಬರುತ್ತಿರಲಿಲ್ಲ. ಜಾತಕ ಕೂಡುತ್ತಿತ್ತು, ಫೋಟೋ ಹಿಡಿಸುತ್ತಿತ್ತು. ‘ಹೊಸಪೇಟೇನಾ? ಅಲ್ಲಿ ಭಾರೀ ಬಿಸಿಲಂತೆ, ಕೆಂಪು ಧೂಳಂತೆ’ ಎಂದು ಆ ಕಡೆಯವರು ರಾಗ ಎಳೆಯುತ್ತಿದ್ದರು. ಆಮೇಲೆ ಅವರ ಫೋನು ಬರುತ್ತಿರಲಿಲ್ಲ.

ಹಾಗಿರುವಾಗ ಮೈಸೂರಿನ ಸಹನಾ ಸಿಕ್ಕಳು. ಫಿಸಿಯೋಥೆರಪಿಸ್ಟ್. ಇಬ್ಬರೂ ಫೋನಿನಲ್ಲಿ ಮಾತಾಡಿ ಮಾತಾಡಿ ಪರಸ್ಪರ ಇಷ್ಟಪಟ್ಟರು. ಮಂಜು ಕನ್ನಡಿ ಮುಂದೆ ನಿಲ್ಲುವುದು ಜಾಸ್ತಿಯಾಯಿತು. ಶಾಂತಕ್ಕ ಸೀರೆಯ ಬಣ್ಣದ ಬಗ್ಗೆ ಯೋಚಿಸತೊಡಗಿದಳು. ಆಗ ಹುಡುಗಿ ಹೇಳಿದಳಂತೆ: “ನಿಮ್ಮ ಬಗ್ಗೆ ಏನೂ ಅನುಮಾನ ಇಲ್ಲ. ಆದ್ರೆ ನಾನು ಇಡೀ ಜೀವನ ಇರಬೇಕಾದ ಊರು ಅಲ್ವಾ, ಒಂದ್ಸಲ ನೋಡ್ಬೇಕು.”

ಮೊದಲು ನನಗೆ ಸಿಟ್ಟು ಬಂತು. ಎಷ್ಟು ಧಿಮಾಕು! ನಾವೆಲ್ಲ ಊರು ನೋಡಿ ಮದುವೆಯಾದೆವೇ? ಆಮೇಲೆ, ಕೇಳಿದ್ದರಲ್ಲಿ ತಪ್ಪೇನಿದೆ ಅನ್ನಿಸಿತು. ಮನೆ ಬಾಡಿಗೆಗೆ ಹಿಡಿಯುವಾಗಲೂ ನಲ್ಲಿ ತಿರುಗಿಸಿ ನೋಡುತ್ತೇವಲ್ಲ.

ಸಂಕ್ರಾಂತಿ ಮುಗಿದ ಮೇಲೆ ಅಪ್ಪ-ಮಗಳು ಬರುವುದೆಂದಾಯಿತು. ತಯಾರಿ ಶುರು. (ಮಂತ್ರಿಗಳು ಬರುವಾಗ ರಸ್ತೆಗೆ ತೇಪೆ ಹಾಕುವವರನ್ನು ಆಡಿಕೊಳ್ಳುವ ನಾವು ಮಾಡಿದ್ದೂ ಅದನ್ನೇ.) ಮಂಜು ರೂಟ್ ಮ್ಯಾಪ್ ಹಾಕಿದ. ಸ್ಟೇಷನ್ನಿನಿಂದ ಮನೆಗೆ ಒಳಗಿನ ಓಣಿಗಳಲ್ಲಿ ಕರೆತರುವುದು, ಅದಿರು ಲಾರಿಗಳ ಸಂಡೂರು ರಸ್ತೆ ಕಣ್ಣಿಗೇ ಬೀಳಬಾರದು. ತಿಂಡಿಯಾದ ಕೂಡಲೇ ಹಂಪಿ. ದಾರಿಯಲ್ಲಿ ಬಾಳೆ ತೋಟ, ಕಾಲುವೆ. ಟೈಮಿದ್ದರೆ ಡ್ಯಾಮು. ಸಂಜೆ ವಾಪಸ್ ರೈಲು.

ಅವರು ಬರುವ ದಿನ ಶಾಂತಕ್ಕ ಮುಂಜಾನೆಯಿಂದ ಒದ್ದೆ ಬಟ್ಟೆ ಹಿಡಿದು ಕಿಟಕಿ ಸರಳು, ಫ್ಯಾನು, ಟಿವಿ, ದೇವರ ಫೋಟೋ ಎಲ್ಲ ಒರೆಸಿದಳು. ತುಳಸಿ ಗಿಡದ ಎಲೆ ಎಲೆ ತೊಳೆದಳು. ಆಮೇಲೆ ಟ್ರಂಕಿನಿಂದ ಬಿಳೀ ಸೋಫಾ ಕವರ್ ತೆಗೆದಳು.

ನಮ್ಮ ಊರಿನವರಿಗೆ ಇದರ ಗಾಂಭೀರ್ಯ ಅರ್ಥವಾಗುತ್ತದೆ. ಹೊಸಪೇಟೆಯಲ್ಲಿ ಬಿಳಿ ಯಾರು ಹಾಕುತ್ತಾರೆ? ನಮ್ಮ ಸೋಫಾಗಳು ಮರೂನು, ಪರದೆಗಳು ಕಾಫಿ ಬಣ್ಣ, ಕಾರುಗಳು... ಕಾರಿನ ಬಣ್ಣ ಆರ್‌ಸಿ ಬುಕ್ ನೋಡಿ ಹೇಳಬೇಕು. ಈ ಕವರುಗಳನ್ನು ಅಕ್ಕನ ಮಗಳು ಗೀತಾ ಧಾರವಾಡದಿಂದ ತಂದುಕೊಟ್ಟಿದ್ದಳು. ಅಂದಿನಿಂದ ಟ್ರಂಕಿನಲ್ಲೇ ಇದ್ದವು. ‘ಇವತ್ತು ಹಾಕ್ತೀನಿ ನೋಡು. ನಮ್ಮ ಮನ್ಯಾಗ ಧೂಳಿಲ್ಲ ಅಂತ ಗೊತ್ತಾಗ್ಲಿ ಅವ್ರಿಗೆ’ ಎಂದಳು ಅಕ್ಕ. ಹಾಕಿದ ಮೇಲೆ ಹಾಲ್ ಬೆಳಗಿತು, ಸುಳ್ಳೇಕೆ ಹೇಳಲಿ.

ಬಂದರು. ಹುಡುಗಿ ಸರಳ, ನಗುಮುಖ. ರೈಲಿನಲ್ಲಿ ಚಳಿಗೆ ಹಾಕಿದ್ದ ಸ್ವೆಟರ್ ತೆಗೆದು ಸೋಫಾ ಮೇಲೆ ಹರವಿ, ನೇರ ಅಡುಗೆಮನೆಗೇ ಬಂದು ಪ್ಲೇಟು ಎತ್ತಿಕೊಂಡಳು. ಅಪ್ಪ ಮೆತ್ತಗಿನ ಮನುಷ್ಯ. ಕಾರಿನಿಂದಿಳಿಯುವಾಗ ಮೂಗಿಗೆ ಕರ್ಚೀಫು ಹಿಡಿದಿದ್ದವರು ನಮ್ಮನ್ನು ನೋಡಿದ ಕೂಡಲೇ ಜೇಬಿಗೆ ಸೇರಿಸಿದರು. ಆ ಮರ್ಯಾದೆಗೆ ನನಗೆ ಅವರ ಮೇಲೆ ಪ್ರೀತಿಯೇ ಬಂತು.

ಮಂಡಕ್ಕಿ ಒಗ್ಗರಣೆ, ಬಿಸಿ ಮಿರ್ಚಿ. ಸಹನಾ ಕಣ್ಣಲ್ಲಿ ನೀರು ತುಂಬಿಕೊಂಡೇ ಎರಡನೆಯ ಮಿರ್ಚಿಗೆ ಕೈ ಹಾಕಿದಳು. ಅರ್ಧ ಗೆದ್ದೆವು ಅಂದುಕೊಂಡೆ. ಖುಷಿಯಲ್ಲಿ ಶಾಂತಕ್ಕನಿಗೆ ಮಾತು ಬಂತು.

“ಈ ಕವರು ನಮ್ ಗೀತಾ ಕೊಟ್ಟಿದ್ದರಿ. ಧಾರವಾಡದಾಗ ಇರ್ತಾಳ. ಆಕಿಗೆ ಇಲ್ಲೇ ಊರಾಗ ಸಂಬಂಧ ಬಂದಿದ್ದುವ್ರಿ. ನಾನs ಬ್ಯಾಡ ಅಂದೆ. ಹುಡುಕಿ ಹುಡುಕಿ ಧಾರವಾಡಕ್ಕ ಕೊಟ್ವಿ. ತಂಪು ಊರು, ಗಿಡಾ ಮರಾ ಭಾಳ, ಧೂಳಿಲ್ಲ. ಮಗಳು ಆರಾಮ ಅದಾಳ ನೋಡ್ರಿ.”

ಸಹನಾ ‘ಹೌದಾ ಆಂಟಿ’ ಎಂದು ನಕ್ಕಳು. ನಾನೂ ನಕ್ಕೆ. ಹೆತ್ತವರು ಹೆಮ್ಮೆಯಿಂದ ಹೇಳಿಕೊಳ್ಳುವ ಮಾತು, ಅದರಲ್ಲಿ ಏನು ತಪ್ಪು ಕಾಣಬೇಕು?

ಶಾಂತಕ್ಕ ಅಡುಗೆಗೆಂದು ಮನೆಯಲ್ಲುಳಿದಳು. ನಾವು ಹಂಪಿಗೆ ಹೊರಟೆವು. ಹಂಪಿ ನಮಗೆ ಯಾವತ್ತೂ ಕೈ ಕೊಡುವುದಿಲ್ಲ. ಎಳೆ ಬಿಸಿಲು, ಬಂಡೆಗಳು, ಹೊಳೆ, ಗೋಪುರ. ಹುಡುಗಿ ಬೆರಗಿನಿಂದ ನೋಡಿದಳು. ಗೈಡಿಗಿಂತ ಜಾಸ್ತಿ ನಾನೇ ಒದರಿದೆ. ಒಂದು ಮಂಟಪದ ನೆರಳಲ್ಲಿ ಕೂತಾಗ ಅವಳು ಕೇಳಿದಳು:

“ಆಂಟಿ, ನೀವಿಲ್ಲಿಗೆ ಯಾವಾಗ್ಯಾವಾಗ ಬರ್ತೀರಾ?”

“ನೆಂಟರು ಬಂದಾಗೆಲ್ಲ ಬರ್ತೀವಮ್ಮ.”

“ನೆಂಟರು ಬರದೇ ಇದ್ರೆ?”

ನೆಂಟರಿಲ್ಲದೆ ಹಂಪಿಗೆ ಬಂದದ್ದು ಯಾವಾಗ? ನೆನಪಾಗಲಿಲ್ಲ.

ಅವಳು ಮಂಜು ಕಡೆ ತಿರುಗಿದಳು. “ಬೇಜಾರು ಮಾಡ್ಕೋಬೇಡಿ. ಇದು ಟೂರಿಸ್ಟ್‌ಗಳ ಜಾಗ ಅಲ್ವಾ? ನಾನು ಸೊಪ್ಪು ತರೋ ಜಾಗ ತೋರ್ಸಿ. ಸಂಜೆ ವಾಕಿಂಗ್ ಹೋಗೋ ಜಾಗ ತೋರ್ಸಿ.”

ರೂಟ್ ಮ್ಯಾಪ್ ಅಲ್ಲಿಗೆ ಮುಗಿಯಿತು. ಡ್ಯಾಮ್ ಬಿಟ್ಟು ಮಾರ್ಕೆಟ್ಟಿಗೆ ಬಂದೆವು.

ಮಾರ್ಕೆಟ್ಟಿನಲ್ಲಿ ಫುಟ್‌ಪಾತ್ ಎಲ್ಲಿದೆ ಎಂದು ಸಹನಾ ಹುಡುಕುತ್ತಿದ್ದಳು. ಪಾಪ, ಮೈಸೂರಿನವಳು. ಇದ್ದ ತುಂಡು ಫುಟ್‌ಪಾತಿನ ಮೇಲೆ ಬೈಕುಗಳು ಮಲಗಿದ್ದವು, ಅದರಾಚೆ ಬಾಯಿ ತೆರೆದ ಚರಂಡಿ. ಸೊಪ್ಪಿನವಳು ಮೆಂತ್ಯದ ಕಟ್ಟುಗಳಿಗೆ ನೀರು ಚಿಮುಕಿಸುತ್ತಿದ್ದಳು. “ತಾಜಾ ಇರ್ಲಿ ಅಂತಾನಾ?” ಎಂದು ಸಹನಾ ಕೇಳಿದರೆ, ಮಂಜು ತಲೆ ತಗ್ಗಿಸಿ, “ಅದೂ ಹೌದ್ರಿ. ಧೂಳೂ ಹೋಗ್ತೈತಿ” ಎಂದ. ಪುಣ್ಯಾತ್ಮನಿಗೆ ಒಂದು ಸುಳ್ಳು ಹೇಳಲು ಬರುವುದಿಲ್ಲ.

“ವಾಕಿಂಗ್?”

“ಡ್ಯಾಮ್ ಕಡೆ ಹೋಗ್ತೀವ್ರಿ.”

“ದಿನಾ?”

“ದಿನಾ ಎಲ್ಲಿ ಆಗ್ತೈತ್ರಿ. ಡ್ಯಾಮ್ ತುಂಬಿ ಗೇಟ್ ಬಿಟ್ಟಾಗ ಹೋಗ್ತೀವಿ. ಇಡೀ ಊರs ಹೋಗ್ತೈತಿ. ಮಸ್ತ್ ಇರ್ತೈತಿ.” ಅವನ ಮುಖ ಒಂದು ಗಳಿಗೆ ಬೆಳಗಿತು. ಆಮೇಲೆ ತಾನೇ ಸೇರಿಸಿದ, “ಮನಿಗೆ ನಳದ ನೀರು ಮಾತ್ರ ದಿನಾ ಬರಂಗಿಲ್ರಿ.”

ನಾನು ಅವನನ್ನು ಚಿವುಟಿದೆ. ಪ್ರಯೋಜನವೇನು?

ವಾಪಸ್ ಬರುವಾಗ ಸಂಡೂರು ರಸ್ತೆ ತಪ್ಪಿಸಲಾಗಲಿಲ್ಲ. ಒಳಗಿನ ಓಣಿಯಲ್ಲಿ ಯಾರದೋ ಮನೆಯ ಶಾಮಿಯಾನ ಅಡ್ಡ ಬಂತು. ಅದಿರಿನ ಲಾರಿಗಳು ಸಾಲುಗಟ್ಟಿ ನಿಂತಿದ್ದವು, ಮೇಲೆ ಹೆಸರಿಗೊಂದು ಟಾರ್ಪಾಲು. ನಾವು ಕಾರಿನ ಗ್ಲಾಸು ಏರಿಸಿ ಕೂತೆವು. ಹುಡುಗಿಯ ಅಪ್ಪನ ಕೈ ಜೇಬಿಗೆ ಹೋಗಿ ಕರ್ಚೀಫು ಹಿಡಿದು ಅಲ್ಲೇ ನಿಂತಿತು.

ಮನೆ ಮುಟ್ಟಿದೆವು. ಕರೆಂಟು ಹೋಗಿತ್ತಂತೆ. ಸೆಕೆಯಾಯಿತೆಂದು ಶಾಂತಕ್ಕ ರಸ್ತೆ ಕಡೆಯ ಕಿಟಕಿ ತೆರೆದು, ಅದೇ ಹಾಲ್‌ನಲ್ಲಿ ಕೂತು ಅವರೆಕಾಳು ಸುಲಿದಿದ್ದಳು. ನಮ್ಮನ್ನು ಕಂಡು ಸಡಗರದಿಂದ ಎದ್ದಳು.

“ಬರ್ರಿ, ಕುಂದ್ರಿ ಕುಂದ್ರಿ. ಇವತ್ತs ಹಾಕಿದ ಕವರ್ರಿ, ನೋಡ್ರಿ, ಹಾಲಿನಂಗ ಅದಾವ.”

ಹೌದು. ನನ್ನ ಕಣ್ಣಿಗೂ ಹಾಲಿನಂತೆಯೇ ಕಂಡವು. ಮಂಜುವಿಗೂ.

ಸಹನಾ ಅಪ್ಪನಿಗೆ ಜಾಗ ಮಾಡಿಕೊಡಲು ತನ್ನ ಸ್ವೆಟರ್ ಎತ್ತಿದಳು.

ಅದರ ಕೆಳಗೆ ಇನ್ನೊಂದು ಸ್ವೆಟರ್ ಇತ್ತು. ಬಿಳಿಯದು. ಎರಡು ತೋಳು, ಕುತ್ತಿಗೆ, ಗುಂಡಿಪಟ್ಟಿಯ ಅಂಚು ಎಲ್ಲ ಸ್ಪಷ್ಟವಾಗಿ ಬಿಳಿ ಬಿಳಿ. ಸುತ್ತಲಿನ ಕವರ್ ಅಷ್ಟೂ ತಿಳಿ ಕೆಂಪು, ಅರಿಶಿನ-ಸುಣ್ಣ ಕಲಸಿದ ನೀರಿನಲ್ಲಿ ಅದ್ದಿ ತೆಗೆದಂತೆ.

ಅಕ್ಕನ ಕೈಯಲ್ಲಿ ಅವರೆಕಾಳಿನ ಬುಟ್ಟಿ ಹಾಗೇ ಇತ್ತು. ಅವಳು ಆ ಬಿಳಿಯನ್ನೇ ನೋಡುತ್ತಿದ್ದಳು. ಬೆಳಗ್ಗೆ ತಾನೇ ಹಾಕಿದ ಬಣ್ಣ, ಮಧ್ಯಾಹ್ನಕ್ಕೆ ಅವಳಿಗೇ ಹೊಸದಾಗಿ ಕಂಡಿತ್ತು. ಧೂಳು ಬಿದ್ದದ್ದು ಬಿಡಿ, ಅದು ಈ ಊರಿನಲ್ಲಿ ಬೀಳುವುದೇ. ಬಿದ್ದದ್ದು ನಮಗ್ಯಾರಿಗೂ ಕಾಣಲಿಲ್ಲವಲ್ಲ! ಅವಳು ಅದರೆದುರೇ ಕೂತಿದ್ದಳು. ನಾನು ‘ಹಾಲಿನಂತೆ’ ಎಂಬ ಮಾತಿಗೆ ತಲೆಯಾಡಿಸಿದ್ದೆ. ಇಷ್ಟು ವರ್ಷ ನಮ್ಮ ಕಣ್ಣು ಯಾವ ಬಣ್ಣವನ್ನು ಬಿಳಿ ಅಂದುಕೊಂಡು ಬದುಕಿದೆ?

ಆಗ ಸಹನಾ ಮಾಡಿದ್ದನ್ನು ನಾನು ಮರೆಯಲಾರೆ. ಸ್ವೆಟರನ್ನು ಮೆಲ್ಲಗೆ ಮತ್ತೆ ಅದೇ ಜಾಗದಲ್ಲಿಟ್ಟಳು. ತೋಳಿಗೆ ತೋಳು ಹೊಂದುವಂತೆ ಸರಿಪಡಿಸಿದಳು. “ಅಪ್ಪ, ನೀವು ಈ ಕಡೆ ಕೂತ್ಕೊಳ್ಳಿ” ಎಂದಳು. ಕವರ್ ಮತ್ತೆ ಬಿಳಿಯಾಯಿತು. ನಾವೆಲ್ಲ ಊಟಕ್ಕೆ ಎದ್ದೆವು.

ಅಷ್ಟು ಒಳ್ಳೆಯ ಹುಡುಗಿ.

ಅವರು ರೈಲು ಹತ್ತಿದ ಮೇಲೆ ನನಗೆ ಒಂದು ಹುಚ್ಚು ಹಿಡಿಯಿತು. ಸಿಕ್ಕವರನ್ನೆಲ್ಲ ಕೇಳತೊಡಗಿದೆ, ‘ನಮ್ಮ ಊರಿನಲ್ಲಿ ನಿಮಗೆ ಏನು ಇಷ್ಟ?’ ಔಷಧಿ ಅಂಗಡಿಯವರು ಹಂಪಿ ಅಂದರು. ಪಕ್ಕದ ಮನೆಯಾಕೆ ಡ್ಯಾಮ್ ಅಂದಳು. ಆಟೋದವನು, ಮಳೆಗಾಲದಾಗ ಸಂಡೂರು ಗುಡ್ಡ ನೋಡ್ರಿ ಅಂದ. ನನ್ನ ಜೊತೆ ಯೋಗಕ್ಕೆ ಬರುವ ಮೇಡಂ ಕಂಪ್ಲಿ ಕಡೆಯ ಭತ್ತದ ಗದ್ದೆಗಳನ್ನು ಹೊಗಳಿದರು. ಗಮನಿಸಿದಿರಾ? ಒಬ್ಬರೂ ಊರಿನೊಳಗಿನ ಒಂದು ಜಾಗದ ಹೆಸರು ಹೇಳಲಿಲ್ಲ. ನಮಗೆ ಇಷ್ಟವಿರುವುದು ಊರಿನಿಂದ ಹೊರಗೆ ಹೋಗುವ ರಸ್ತೆಗಳು ಮಾತ್ರವೇ?

ಏನು ಇಷ್ಟವಿಲ್ಲ ಎಂದು ಕೇಳಿದ್ದರೆ ಸಂಜೆಯವರೆಗೆ ಹೇಳುತ್ತಿದ್ದರು. ಕೇಳಲಿಲ್ಲ. ನನಗೂ ಬಾಯಿಪಾಠ.

ಆದರೂ ಈ ಊರು ಬಿಟ್ಟು ಹೋಗೆಂದರೆ ನಾನು ಹೋಗಲಾರೆ. ಬೇಸಿಗೆಯಲ್ಲಿ ನಳ ಒಣಗಿದರೆ ಕೇಳುವ ಮೊದಲೇ ಕೊಡ ತುಂಬಿಸಿ ಕೊಡುವ ಓಣಿ ಇದು. ಊಟದ ಹೊತ್ತಿಗೆ ಬಂದವರನ್ನು ಹಾಗೇ ಕಳಿಸದ ಜನ ಇವರು. ಹೆಸರು ಗೊತ್ತಿಲ್ಲದವರೂ ‘ಆರಾಮದೀರೇನ್ರಿ’ ಎಂದು ನಿಲ್ಲಿಸಿ ಕೇಳುತ್ತಾರೆ. ಇದನ್ನೆಲ್ಲ ಒಂದು ಹಗಲಿನಲ್ಲಿ ಮೈಸೂರಿನ ಹುಡುಗಿಗೆ ಹೇಗೆ ತೋರಿಸುವುದು? ತೋರಿಸಿದರೂ, ಉಸಿರಾಡಲು ಇದು ಸಾಕೇ?

ನಾಲ್ಕಾರು ದಿನದ ಮೇಲೆ ಮಂಜು ಡ್ಯೂಟಿ ಮುಗಿಸಿ ನಮ್ಮ ಮನೆಗೇ ಬಂದ. ಕೆಂಪು ಅಂಗಿ. ಒಳಗೆ ಬರಲಿಲ್ಲ, ಕಟ್ಟೆಯ ಮೇಲೆ ಕೂತ.

“ಆಕಿ ಫೋನ್ ಮಾಡಿದ್ಲು, ಚಿಗವ್ವ.”

ಮುಖ ನೋಡಿಯೇ ಗೊತ್ತಾಯಿತು. ಆದರೂ ಕೇಳಿದೆ, “ಏನಂದ್ಲು?”

“ಮೊದಲ ನನ್ನs ಕೇಳಿದ್ಲು, ಊರು ಬಿಟ್ಟು ಬರ್ತೀರೇನು ಅಂತ. ನಾ ಎಲ್ಲಿ ಹೋಗ್ಲಿ ಚಿಗವ್ವ? ನಾ ಕಲಿತಿದ್ದು ಗಣಿ ಗಾಡಿ ಕೆಲಸ. ಗಣಿ ಇದ್ದಲ್ಲೆಲ್ಲ ಇದs ಧೂಳು.” ಅಂಗಿಯ ತೋಳು ಕೊಡವಿದ. “ಆಮ್ಯಾಲ ಅಂದ್ಲು, ನಿಮ್ಮಮ್ಮ ಗೀತಾ ಅವ್ರಿಗೆ ಎಂಥ ಊರು ಹುಡುಕಿದ್ರೋ, ನಮ್ಮಪ್ಪನೂ ನನಗೆ ಅಂಥದೇ ಊರು ಹುಡುಕ್ತಿದಾರೆ, ಅದರಲ್ಲಿ ತಪ್ಪಿದ್ಯಾ ಹೇಳಿ ಅಂತ.”

“ನೀ ಏನಂದಿ?”

“ಏನನ್ಲಿ? ತಪ್ಪಿಲ್ರಿ ಅಂದೆ.”

ನನಗೆ ಅಳು ಬಂತು. ಅವನ ಬೆನ್ನು ಸವರಿದೆ. ಅಂಗೈ ಕೆಂಪಾಯಿತು.

ಶಾಂತಕ್ಕನಿಗೆ ಆ ಮಾತನ್ನು ಅವನು ಹೇಳಿಲ್ಲ. ‘ಜಾತಕ ಯಾಕೋ ಕೂಡಲಿಲ್ಲಂತ’ ಎಂದು ಹೇಳಿದ್ದಾನೆ. ಅವಳು ನಂಬಿದಂತೆ ಮಾಡಿದ್ದಾಳೆ. ನಿನ್ನೆ ಹೋದಾಗ ಕವರುಗಳನ್ನು ನೆನೆಹಾಕಿ ಒಗೆದು, ಮಾಳಿಗೆಯ ಮೇಲೆ ಹಾಕದೆ, ಬಾಗಿಲು-ಕಿಟಕಿ ಮುಚ್ಚಿದ ಕೋಣೆಯೊಳಗೆ ಹಗ್ಗ ಕಟ್ಟಿ ಒಣಗಿಸಿ, ಮಡಚಿ ಟ್ರಂಕಿಗೆ ಇಡುತ್ತಿದ್ದಳು. “ಇನ್ಯಾರಾದ್ರೂ ಬಂದ್ರ ಬೇಕಾಗ್ತಾವಲ್ಲ” ಎಂದಳು. ಈ ಸಲ ನನಗೆ ಅವು ಬಿಳಿಯಾಗಿದ್ದವೋ ಇಲ್ಲವೋ ಹೇಳಲು ಧೈರ್ಯ ಬರಲಿಲ್ಲ.

ಮಂಜುಗೆ ಬೇರೆ ಸಂಬಂಧ ನೋಡಬೇಕು. ಹೊರಗಿನವರನ್ನು ಕೇಳಿ ಕೇಳಿ ಸಾಕಾಯಿತು, ಅದಕ್ಕೇ ನನ್ನ ಊರಿನ ಓದುಗರೇ, ನಿಮ್ಮನ್ನೇ ಕೇಳುತ್ತಿದ್ದೇನೆ: ನಿಮ್ಮ ಮಗಳನ್ನು ನಮ್ಮ ಊರಿಗೆ ಕೊಡ್ತೀರಾ?