ಮೋಟಾರಿಗೆ ಹುಯ್ದ ಲಕ್ಕಿಸೊಪ್ಪಿನ ನೀರು

ಆ ದಿನ ಕೋಳಿ ಕೂಗುವ ಹೊತ್ತಿಗೆ ಎದ್ದೆ. ಕೊಟ್ಟಿಗೆಯ ಸಗಣಿ ಬಾಚಿದೆ, ಬಾಗಿಲಿಗೆ ನೀರು ಹಾಕಿ ರಂಗೋಲಿ ಎಳೆದೆ, ಹಾಲು ಕರೆದೆ, ಮಜ್ಜಿಗೆ ಕಡೆದೆ, ಬಚ್ಚಲ ಒಲೆಗೆ ಬೆಂಕಿ ಹಾಕಿ ಹಂಡೆ ತುಂಬಿಸಿದೆ. ಪಕ್ಕದ ಒಲೆಯಲ್ಲಿ ನಮ್ಮವರ ಕೈಗೆ ಶಾಖ ಕೊಡಲು ಒಂದು ತಪ್ಪಲೆ ಲಕ್ಕಿಸೊಪ್ಪಿನ ನೀರು ಇಟ್ಟೆ, ಬಾಣಂತಿಯರಿಗೆ ಎರೆಯುತ್ತಾರಲ್ಲ, ಅದೇ. ಹಂಡೆಯ ನೀರು ಮನುಷ್ಯರಿಗಲ್ಲ, ಮೋಟಾರಿಗೆ.

ನಮ್ಮವರು ಪಿರಿಯಾಪಟ್ಟಣದಿಂದ ಹುಣಸೂರಿನ ಮೇಲೆ ಮೈಸೂರಿಗೆ ಹೋಗುವ ಸರ್ವಿಸ್ ಮೋಟಾರಿನ ಡ್ರೈವರು. ರಾತ್ರಿ ಗಾಡಿ ನಮ್ಮ ಮನೆ ಮುಂದೆಯೇ ನಿಲ್ಲುತ್ತಿತ್ತು. ಬೇಸಿಗೆಯಲ್ಲಿ ಮೂತಿಯ ಹ್ಯಾಂಡಲ್ ಎರಡು ಸುತ್ತು ತಿರುಗಿಸಿದರೆ ಗುಡುಗುಡು ಅನ್ನುತ್ತಿದ್ದ ಗಾಡಿ, ಪುಷ್ಯ ಬಂತೆಂದರೆ ಮೊಂಡು ಹಿಡಿಯುತ್ತಿತ್ತು. ಕೊಡಗಿನ ಕಡೆಯಿಂದ ಇಳಿದು ಬರುವ ಆ ಥಂಡಿಗೆ ನಮ್ಮ ಕೊಬ್ಬರಿ ಎಣ್ಣೆಯೇ ಸೀಸೆಯಲ್ಲಿ ಬೆಣ್ಣೆಯ ಹಾಗೆ ಕೂತಿರುತ್ತದೆ, ಇಂಜಿನ್ನಿನ ಹೊಟ್ಟೆಯೊಳಗಿನ ಎಣ್ಣೆ ಬೇರೆಯೇ? ಅದಕ್ಕೇ ರಾತ್ರಿ ಅದರ ಮೂತಿಗೆ ಗೋಣಿ, ಮೇಲೊಂದು ಹಳೆಯ ಕಂಬಳಿ ಹೊದಿಸುತ್ತಿದ್ದೆವು. ಬೆಳಗ್ಗೆ ರೇಡಿಯೇಟರಿನ ತಣ್ಣೀರನ್ನು ಕೆಳಗಿನಿಂದ ಬಿಟ್ಟು, ಮೇಲಿನಿಂದ ಬಿಸಿನೀರು ಹುಯ್ಯುತ್ತಿದ್ದೆವು.

ಇಷ್ಟು ಉಪಚಾರ ಮಾಡಿದರೂ ಆ ವಾರ ಎರಡು ದಿನ ಗಾಡಿ ತಡವಾಗಿ ಹೊರಟಿತು. ಎರಡನೆಯ ದಿನವಂತೂ ಹ್ಯಾಂಡಲ್ ಹಿಂದಕ್ಕೆ ಒದ್ದು ಇವರ ಬಲಗೈ ಮಣಿಕಟ್ಟು ಊದಿಕೊಂಡಿತು. ಟಪಾಲು ಚೀಲ ಹೊತ್ತಿಗೆ ಮುಟ್ಟಲಿಲ್ಲವೆಂದು ಮೈಸೂರಿನಲ್ಲಿದ್ದ ಮಾಲೀಕರು ಹೇಳಿ ಕಳಿಸಿದರು: ಇನ್ನೊಂದು ಸಲ ತಡವಾದರೆ ಬೇರೆ ಡ್ರೈವರು ಬರುತ್ತಾನೆ. ಇವರಿಗೆ ಹೊಲವಿಲ್ಲ, ಬೇರೆ ಕಸುಬು ಗೊತ್ತಿಲ್ಲ. ಆ ಮಾತು ಮೂರು ದಿನದಿಂದ ಮನೆಯೊಳಗೆ ಯಾರೋ ನೆಂಟರ ಹಾಗೆ ಕೂತಿತ್ತು.

ನನ್ನ ತಪ್ಪನ್ನು ನಾನೇ ಹೇಳಬೇಕು. ಸೌದೆ ಹಸಿಯಾಗಿತ್ತು. ಹಂಡೆಯ ನೀರು ಬೆಚ್ಚಗಾಗುವುದರೊಳಗೆ ಹೊರಗೆ ಜನ ಸೇರಿದರು. ಮೋಟಾರಿನ ಏಜೆಂಟರು "ಏನಮ್ಮ, ನೀರು ಬಂತಾ?" ಎಂದು ಎರಡು ಸಲ ಕೂಗಿದರು. ಪಕ್ಕದ ಒಲೆಯಲ್ಲಿ ಸೊಪ್ಪಿನ ನೀರು ಕೊತಕೊತ ಕುದಿಯುತ್ತಿತ್ತು. ಬಿಸಿ ಯಾವುದಾದರೇನು ಎಂದುಕೊಂಡು, ಬೆರಳಲ್ಲಿ ಸೊಪ್ಪು ತಡೆಹಿಡಿದು ಅಷ್ಟನ್ನೂ ಮೋಟಾರಿಗೆ ಹುಯ್ಯುವ ಡಬ್ಬಕ್ಕೆ ಬಗ್ಗಿಸಿದೆ. ಬಚ್ಚಲ ಹೊಗೆಯಲ್ಲಿ, ಬುಡ್ಡಿ ದೀಪದ ಬೆಳಕಿನಲ್ಲಿ, ಬೆಂದು ಮೆತ್ತಗಾದ ಸೊಪ್ಪು ಎಷ್ಟು ಜಾರಿತೋ ನನಗೆ ತಿಳಿಯಲಿಲ್ಲ.

ನೀರು ಹುಯ್ದ ಮೇಲೆ, ಇವರ ಕೈಯಲ್ಲಾಗದೆಂದು ರಾವಂದೂರಿನ ಗೌಡರೊಬ್ಬರು ಹ್ಯಾಂಡಲ್ ತಿರುಗಿಸಿದರು. ಗಾಡಿ ಎದ್ದಿತು! ಎಲ್ಲರೂ ಹತ್ತಿ ಕೂತರು. ನಾನು ಕೈಮುಗಿದು ನಿಂತಿದ್ದೆ. ಸ್ವಲ್ಪ ಹೊತ್ತಿಗೆ ರೇಡಿಯೇಟರಿನ ಮೂತಿಯಿಂದ ಬುಸಬುಸನೆ ಹಬೆ ಏಳತೊಡಗಿತು, ಜೊತೆಗೇ ಆ ವಾಸನೆ.

ಗೌಡರು ಕಿಟಕಿಯಿಂದ ತಲೆ ಹಾಕಿದರು. "ಡ್ರೈವರಣ್ಣೋ, ಬಾಣಂತಿ ಮನೆ ವಾಸ್ನೆ ಬತ್ತಾ ಅದೆ ಕಣಪ್ಪ! ಗಾಡಿಗೆ ಗಂಡೋ ಎಣ್ಣೋ?"

ಗಾಡಿಯೊಳಗೆಲ್ಲ ನಗು. ಇವರು ನಗಲಿಲ್ಲ. ಇಂಜಿನ್ ನಿಲ್ಲಿಸಿ, ಕಂಬಳಿಯ ತುದಿಯಿಂದ ಮುಚ್ಚಳ ತೆಗೆದರು. ಅದರ ಅಂಚಿಗೆ ಕಪ್ಪಗೆ ಒಂದು ಎಲೆ ಅಂಟಿಕೊಂಡಿತ್ತು. ಒಳಗಿನ ಸಣ್ಣ ಕೊಳವೆಗಳಿಗೆ ಸೊಪ್ಪು ಕಟ್ಟಿಕೊಂಡರೆ ಇಂಜಿನ್ ಕಾದು ನಡುದಾರಿಯಲ್ಲೇ ನಿಲ್ಲುತ್ತದೆ.

"ಏನಮ್ಮಿ ಇದು?"

"ಅಂಡೆ ಕಾದಿರ್ನಿಲ್ಲ. ಸೊಪ್ಪಿನ್ ನೀರು ಕುದೀತಿತ್ತು. ಅದ್ನೇ ಬಗ್ಗುಸ್ಬುಟ್ಟೆ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರು ಗಾಡಿಯ ಮೆಟ್ಟಿಲ ಮೇಲೆ ಕುಳಿತುಬಿಟ್ಟರು. ಏಜೆಂಟರು ಗಡಿಯಾರ ತೆಗೆದು ನೋಡಿದರು. "ಇನ್ನು ಇಪ್ಪತ್ತು ನಿಮಿಷ ಅದೆ. ಆಮೇಲೆ ನಾನೂ ಮೈಸೂರಿಗೆ ತಿಳಿಸ್ಲೇಬೇಕಾಯ್ತದೆ ಕಣ್ರೀ. ನನ್ನ ಕೆಲ್ಸಾನೂ ಅದೆ."

ಅಷ್ಟರಲ್ಲಿ ಪಕ್ಕದ ಮನೆಯಿಂದ ಸಾಬರು ಹಲ್ಲುಜ್ಜುತ್ತ ಬಂದರು. ತಾಮ್ರ ಹಿತ್ತಾಳೆ ಪಾತ್ರೆಗಳಿಗೆ ಕಲಾಯಿ ಹಾಕುವುದು ಅವರ ಕಸುಬು. ವಿಷಯ ಕೇಳಿ, ಬಗ್ಗಿ ಗಾಡಿಯ ಕೆಳಗೆ ನೋಡಿದರು.

"ಅರೆ, ಹುಕ್ಕಾ ಕಟ್ಕೊಂಡ್ರೆ ಅಳ್ತಾ ಕೂರ್ತಾರಾ? ಆ ಕಡೆಯಿಂದ ಊದ್ತಾರೆ. ಏಳಿ ಡ್ರೈವರ್ ಸಾಬ್."

ಒಳಗೆ ಹೋಗಿ ಕಲಾಯಿಯ ಬೆಂಕಿಗೆ ಗಾಳಿ ಊದುವ ತಿದಿ ಹೊತ್ತು ತಂದರು. ಇವರು ಎಡಗೈಯಲ್ಲೇ ನೀರೆಲ್ಲ ಬಿಟ್ಟು ಕೆಳಗಿನ ರಬ್ಬರ್ ಕೊಳವೆ ಬಿಚ್ಚಿದರು. ಸಾಬರು ತಿದಿಯ ಮೂತಿಗೆ ಒದ್ದೆ ಬಟ್ಟೆ ಸುತ್ತಿ, ರೇಡಿಯೇಟರಿನ ತಳಕ್ಕೆ ಬಿಗಿಯಾಗಿ ಕೊಟ್ಟು ಒತ್ತತೊಡಗಿದರು. ನಾನು ಮೇಲಿನಿಂದ ಚೊಂಬಿನಲ್ಲಿ ನೀರು ಹುಯ್ಯುವುದು, ಅವರು ಕೆಳಗಿನಿಂದ ಗಾಳಿ ಒತ್ತುವುದು. ನಾಲ್ಕನೆಯ ಸಲಕ್ಕೆ ಮೂತಿಯಿಂದ ಒಂದು ಹಿಡಿ ಸೊಪ್ಪು ಬುಳಕ್ಕನೆ ಹಾರಿ ನನ್ನ ಕೆನ್ನೆಗೇ ಬಡಿಯಿತು.

"ಕೂಸು ಬಂತು ಕಣ್ರಪ್ಪೋ!" ಎಂದರು ಗೌಡರು. ಆಗ ಇವರೂ ನಕ್ಕರು.

ಮತ್ತೆ ಬಿಸಿನೀರು ಬೇಕಲ್ಲ, ನನ್ನ ಹಂಡೆ ಇನ್ನೂ ಉಗುರುಬೆಚ್ಚಗಷ್ಟೇ ಇತ್ತು. ಸಾಬರ ಹೆಂಡತಿ ಬಾಗಿಲ ಪರದೆಯ ಹಿಂದಿನಿಂದ ಕರೆದರು. "ಅಕ್ಕಾ, ನಮ್ದು ಕಾದೈತೆ, ತಗೊಳಿ." ಶುಕ್ರವಾರ, ಮನೆಮಂದಿಯೆಲ್ಲ ಸ್ನಾನ ಮಾಡಲು ಕಾಯಿಸಿದ ನೀರು. "ನಿಮ್ಮ ಸ್ನಾನಕ್ಕೆ?" ಎಂದೆ. "ನಮಾಜು ಮಧ್ಯಾಹ್ನ ಅಲ್ವಾ, ಮೋಟಾರ್‌ದು ಈಗ" ಎಂದು ತಾವೇ ಕೊಡಕ್ಕೆ ಮೊಗೆದು ಕೊಟ್ಟರು. ಈ ಸಲ ಸೆರಗು ಒಡ್ಡಿ ಸೋಸಿ ಹುಯ್ದೆ. ಇಂಜಿನ್ ಮೊದಲೇ ಬೆಚ್ಚಗಿತ್ತು, ಒಂದೇ ಸುತ್ತಿಗೆ ಎದ್ದಿತು. ಹೊತ್ತಿಗೆ ಇನ್ನೂ ಎರಡು ನಿಮಿಷ ಇರುವಾಗಲೇ ಗಾಡಿ ಮಂಜಿನೊಳಗೆ ಹೋಯಿತು.

ಆದರೂ ನನ್ನ ಜೀವಕ್ಕೆ ಸಮಾಧಾನವಾಗಲಿಲ್ಲ. ಒಳಗೆ ಇನ್ನೊಂದು ಎಲೆ ಉಳಿದಿದ್ದರೆ? ಹುಣಸೂರಿನ ದಾರಿಯಲ್ಲಿ ಎಲ್ಲಾದರೂ ನಿಂತಿದ್ದರೆ? ಅಂದು ರಾಗಿ ಬೀಸುತ್ತ ಎರಡು ಸಲ ಎದ್ದು ರಸ್ತೆ ನೋಡಿದೆ. ಸಾಬರು ತಮ್ಮ ಜಗಲಿಯಲ್ಲಿ ಸೀಮೆಎಣ್ಣೆ ಡಬ್ಬ ಕತ್ತರಿಸಿ ಏನೋ ಬಡಿಯುತ್ತಿದ್ದರು. ಮಧ್ಯಾಹ್ನ ತಂದು ತೋರಿಸಿದರು: ಉದ್ದ ಹಿಡಿಯ ಅಗಲ ತಟ್ಟೆ, ಮೇಲೆ ತೂತು ತೂತಾದ ಮುಚ್ಚಳ.

"ಇದ್ರಾಗೆ ಇದ್ದಲ ಕೆಂಡ, ಮೇಲೆ ಬೂದಿ. ಉರಿ ಇರಬಾರ್ದು ತಂಗ್ಯಮ್ಮ, ಕಾವು ಮಾತ್ರ. ಇಂಜಿನ್ ಹೊಟ್ಟೆ ಕೆಳಗೆ ಅರ್ಧ ಗಂಟೆ ಇಡಿ. ಪೆಟ್ರೋಲ್ ಸೋರ್ತಿದ್ರೆ ಮುಟ್ಲೇಬೇಡಿ."

ಕತ್ತಲಾಗುವ ಮುಂಚೆ ಗಾಡಿ ಬಂತು. ಇವರು ಇಳಿಯುತ್ತಲೇ ಹೇಳಿದರು, "ಟಪಾಲು ಒತ್ಗೆ ಸರಿಯಾಗಿ ಮುಟ್ತು. ನಾಳೀಕೂ ನಾನೇ." ಹೇಳಿ, ನಮ್ಮ ಮನೆಗೆ ಬರುವ ಮೊದಲು ಸಾಬರ ಮನೆ ಬಾಗಿಲಿಗೆ ಹೋದರು.

ಆ ತಟ್ಟೆ ಎಷ್ಟೋ ಚಳಿಗಾಲ ನಡೆಯಿತು. "ದನಕ್ಕೆ ವರ್ಷಕ್ಕೊಂದ್ ದಿನ ಕಿಚ್ಚು, ನಿಮ್ ಮೋಟಾರಿಗೆ ದಿನಾ ಸಂಕ್ರಾಂತಿ ಕಣಕ್ಕ" ಎಂದು ದಾರಿಹೋಕರು ಹಾಸ್ಯ ಮಾಡುತ್ತಿದ್ದರು. ಅಷ್ಟು ವರ್ಷ ನಾವು ಉಂಡ ಅನ್ನದಲ್ಲಿ ಆ ದಂಪತಿಗಳ ಪಾಲು ಇದೆ ಎಂದೇ ನಾನು ತಿಳಿದಿದ್ದೇನೆ.

ಅಂದು ರಾತ್ರಿ ಮುದ್ದೆ, ಅವರೆಕಾಯಿ ಸಾರು, ಸ್ವಲ್ಪ ಮಜ್ಜಿಗೆ. ಇವರು ಎಡಗೈಯಲ್ಲಿ ಉಣ್ಣಲಾರರೆಂದು ನಾನೇ ಮುದ್ದೆ ಮುರಿದು ಬಾಯಿಗಿಟ್ಟೆ. ನಮ್ಮ ಮಕ್ಕಳು ಅದನ್ನು ನೋಡಿ ಕಿಸಿಕಿಸಿ ನಗುತ್ತ ಹಾಸಿಗೆಯಲ್ಲಿ ಬಹಳ ಹೊತ್ತು ಹೊರಳಾಡಿದರು. ಎಲ್ಲರಿಗಿಂತ ಮೊದಲು ನಿದ್ದೆ ಹೋದವರು ಇವರೇ.